ಟ್ಯಾಂಕಿನ ಹಿಂದಿನ ಚಿಮಣಿ

ಮಂಜಿನಲ್ಲಿ ಟ್ಯಾಂಕು ಕಾಣುತ್ತಿರಲಿಲ್ಲ. ಚಿಮಣಿಯೂ ಕಾಣುತ್ತಿರಲಿಲ್ಲ. ದಡವೇ ಮಾಯವಾದ ಮೇಲೆ ದಡದ ಮೇಲಿನವುಗಳ ಮಾತೇನು ಎಂದುಕೊಳ್ಳುತ್ತ ಅವನು ಅಲೆ ಸವಾರಿಯ ಬೋರ್ಡಿನ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದ. ಕೂತ ಜಾಗ ತನ್ನದು ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಬೆಳಕು ಹರಿದಾಗಿತ್ತು, ಅಲೆಗಳು ಬರುವ ಸದ್ದು ಸ್ಪಷ್ಟವಾಗಿಯೇ ಇತ್ತು, ಆದರೆ ಒಂದೊಂದೂ ಅವನನ್ನು ಮೆಲ್ಲಗೆ ಎತ್ತಿ ಇಳಿಸಿ, ಅವನನ್ನು ದಾಟಿ ಹೋದಮೇಲೆ ಎಲ್ಲೋ ಮುಂದೆ ಒಡೆಯುತ್ತಿತ್ತು. ಸ್ವಲ್ಪ ಮುಂದಕ್ಕೆ ಸರಿದ. ಮುಂದಿನ ಅಲೆ ನೇರ ತಲೆಯ ಮೇಲೆ ಬಿದ್ದು, ಬೋರ್ಡು ಒಂದು ಕಡೆ, ತಾನೊಂದು ಕಡೆ ಆಗಿ, ಮೂಗಿನ ತುಂಬ ಉಪ್ಪುನೀರು ಹೊಕ್ಕಿತು. ಕೆಮ್ಮು ಬಂತು. ಯಾರಾದರೂ ಕೇಳಿಸಿಕೊಂಡಾರು ಎಂದು ಕೆಮ್ಮನ್ನೂ ನುಂಗಿಕೊಂಡ. ಇಷ್ಟು ವರ್ಷ ಇದೇ ನೀರಲ್ಲಿ ಮಿಂದವನು, ಊರ ಹುಡುಗರಿಂದ ಅಲೆಯಪ್ಪ ಅಂತ ಕರೆಸಿಕೊಂಡವನು, ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದವನ ಹಾಗೆ ನಾಚಿಕೆಪಟ್ಟ.

ನೀರಿನ ಟ್ಯಾಂಕಿನ ಹಿಂದೆ ಬಿಸ್ಕೆಟ್ ಕಾರ್ಖಾನೆಯ ಚಿಮಣಿ ಪೂರ್ತಿ ಅಡಗಬೇಕು. ಅಡಗಿತೆಂದರೆ ಅಲ್ಲೇ ಕೂರಬೇಕು, ಅಲೆ ತಾನಾಗಿ ಬೆನ್ನ ಹಿಂದೆ ಏಳುತ್ತದೆ. ಚಿಮಣಿಯ ಅಂಚು ಎಡಕ್ಕೆ ಇಣುಕಿದರೆ ಬಲಕ್ಕೆ ಸರಿಯಬೇಕು, ಬಲಕ್ಕೆ ಇಣುಕಿದರೆ ಎಡಕ್ಕೆ. ಅವನ ವಿದ್ಯೆಯೆಲ್ಲ ಇಷ್ಟೇ. ಇದನ್ನು ಅವನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ನೀರಿಗಿಳಿದವನು ಸಮುದ್ರಕ್ಕೆ ಬೆನ್ನು ಹಾಕಿ ದಡದ ಕಡೆ ಕಣ್ಣು ಕಿರಿದು ಮಾಡಿ ನೋಡುವುದನ್ನು ಕಂಡ ಹುಡುಗರು ಅದರಲ್ಲಿ ಏನೋ ಮಹತ್ತಿದೆ ಎಂದುಕೊಂಡರು, ಅವನು ಅಂದುಕೊಳ್ಳಲಿ ಎಂದು ಬಿಟ್ಟ. "ಅಲೆಯಪ್ಪನಿಗೆ ಬೆನ್ನಲ್ಲೂ ಕಣ್ಣು" ಎಂದರು, ಅದಕ್ಕೂ ಮುಗುಳ್ನಕ್ಕ. ಮಗಳು ಚಿಕ್ಕವಳಿದ್ದಾಗ ಅವಳನ್ನು ತನ್ನ ಬೋರ್ಡಿನ ಮುಂದೆ ಕೂರಿಸಿಕೊಂಡು ಒಳಗೆ ಕರೆದೊಯ್ದು, ನೀರಿಗೆ ಕೈ ಹೀಗೆ ಹಾಕು, ಎದ್ದು ನಿಲ್ಲುವಾಗ ಕಾಲು ನೋಡಬೇಡ ಎಂದು ಎಲ್ಲವನ್ನೂ ಕಲಿಸಿದ, ಇದೊಂದನ್ನು ಬಿಟ್ಟು. "ಇಲ್ಲೇ ಯಾಕಪ್ಪ ಕೂರ್ತೀವಿ?" ಎಂದು ಅವಳು ಕೇಳಿದಾಗ "ಅದು ಮೈಗೆ ಗೊತ್ತಾಗುತ್ತೆ, ನಿನಗೂ ಗೊತ್ತಾಗುತ್ತೆ ಬಿಡು" ಎಂದಿದ್ದ. ಹೆತ್ತ ಮಗಳಿಗೂ ಹೇಳದಷ್ಟು ಜಿಪುಣತನ ತನ್ನಲ್ಲಿ ಎಲ್ಲಿಂದ ಬಂತೋ. ಹೇಳಿಬಿಟ್ಟರೆ ಆಮೇಲೆ ತನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂಬ ಭಯ ಆಗಲೂ ಇತ್ತು.

"ಅಪ್ಪ, ಈಕಡೆ ಬಾ. ತುಂಬ ಆಚೆ ಹೋಗಿದೀಯ." ಮಂಜಿನೊಳಗಿಂದ ಮಗಳ ದನಿ. ದನಿ ಬಂದ ಕಡೆ ನೋಡುವಷ್ಟರಲ್ಲಿ ಒಂದು ಅಲೆ ಎದ್ದು, ಅದರ ಮೇಲೆ ಅವಳು ಎದ್ದು, ಬೂದು ಬೆಳಕಿನಲ್ಲಿ ಒಂದು ಕ್ಷಣ ಅವಳ ಬಾಗಿದ ಬೆನ್ನು ಕಂಡು ಮಾಯವಾಯಿತು. ಅವಳಿಗೆ ಹೇಗೆ ಗೊತ್ತಾಯಿತು? ಟ್ಯಾಂಕಿಲ್ಲ, ಚಿಮಣಿಯಿಲ್ಲ. ಮೈಗೆ ಗೊತ್ತಾಗುತ್ತದೆ ಎಂದು ತಾನು ತಪ್ಪಿಸಿಕೊಳ್ಳಲು ಹೇಳಿದ ಮಾತನ್ನು ಆ ಮಗು ನಿಜವೆಂದು ನಂಬಿ, ಅದನ್ನೇ ಕಲಿತುಬಿಟ್ಟಿತ್ತು. ಹೆಮ್ಮೆಯಾಗಬೇಕಾಗಿತ್ತು. ಆಗಿದ್ದು ಹೊಟ್ಟೆಯುರಿ, ಆಮೇಲೆ ಆ ಹೊಟ್ಟೆಯುರಿಯ ಬಗ್ಗೆ ಅಸಹ್ಯ. ದಡಕ್ಕೆ ಬಂದಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು "ಇವತ್ತು ಅಲೆ ಸರಿಯಿಲ್ಲ" ಎಂದ. ಮಗಳು ಅವನನ್ನೇ ನೋಡಿ "ಹೂಂ" ಎಂದಳು. ಅವಳ ಕೂದಲಿಂದ ನೀರು ಇಳಿದು, ಮೊಣಕಾಲಿನ ಮೇಲೆ ಹೋದ ತಿಂಗಳ ಗಾಯದ ಗುಲಾಬಿ ಗೀರುಗಳ ಮೇಲೆ ಹರಿಯುತ್ತಿತ್ತು. "ನಾಳೆ ವಿಷಯ ಮಾವನಿಗೆ ಏನಾದ್ರೂ ಹೇಳಿದ್ಯಾ?" ಎಂದಳು. "ಹೇಳ್ತೀನಿ" ಎಂದು ಅವನು ಬೋರ್ಡು ಹೆಗಲಿಗೇರಿಸಿದ.

ನಾಳೆ ವಿಷಯ ಎಂದರೆ ಗುಡ್ಡದ ಆಚೆಗಿನ ಕಡಲದಡ. ಹೊಸ ರಸ್ತೆ ಆದಮೇಲೆ ಎಲ್ಲರ ಬಾಯಲ್ಲೂ ಅದೇ. ಅಲ್ಲಿ ಅಲೆ ಆಳೆತ್ತರ ಏಳುತ್ತಂತೆ, ಉದ್ದಕ್ಕೂ ಓಡುತ್ತಂತೆ. "ಇಲ್ಲಿ ಇರೋದೇ ಒಂದು ಅಲೆ, ಬಲಕ್ಕೆ ತಿರುಗಿದ್ರೆ ಮುಗೀತು, ಎಷ್ಟು ವರ್ಷ ಅಂತ ಅದೇ ಬಲಕ್ಕೆ ತಿರುಗೋದು" ಎಂದು ಮಗಳು ತಿಂಗಳುಗಟ್ಟಲೆ ಗೋಗರೆದಿದ್ದಳು. ಅವಳಮ್ಮ ಕೊನೆಗೆ ಕಡ್ಡಿ ಮುರಿದಂತೆ ಹೇಳಿದಳು: "ಅಪ್ಪ ಜೊತೆಗೆ ಬಂದ್ರೆ ಹೋಗು. ಅವರಿಗೆ ನೀರು ನೋಡಿದ್ರೆ ಗೊತ್ತಾಗುತ್ತೆ. ಅವರಿಲ್ದೆ ಆ ಕಡೆ ತಲೆಹಾಕಿಯೂ ಮಲಗ್ಬೇಡ." ಹಾಗಾಗಿ ಅವನು ಹೂಂ ಎಂದರೆ ಮಗಳು ಹೋಗುತ್ತಾಳೆ, ಊಹೂಂ ಎಂದರೆ ಇಲ್ಲ. ಹೆಂಡತಿಯ ಆ ನಂಬಿಕೆಯನ್ನು ನೆನೆದಾಗೆಲ್ಲ ಅವನಿಗೆ ಕಾಲರ್ ಬಿಗಿಯಾದಂತಾಗುತ್ತಿತ್ತು.

ಆ ಬೆಳಿಗ್ಗೆ ಅವನು ತನ್ನ ಕನ್ನಡಕದ ಅಂಗಡಿಯ ಷಟರ್ ಎತ್ತಿ, ಫ್ರೇಮುಗಳ ಗಾಜಿನ ಕಪಾಟು ಒರೆಸಿ, ಹಿಂದಿನ ಕತ್ತಲೆ ಕೋಣೆಯ ದೀಪ ಹಾಕುವಷ್ಟರಲ್ಲಿ ಒಬ್ಬ ಲಾರಿ ಡ್ರೈವರ್ ಬಂದು ಕೂತಿದ್ದ. ಲೈಸೆನ್ಸಿಗೆ ಕಣ್ಣಿನ ಪರೀಕ್ಷೆಯಾಗಬೇಕು, ಬೇಗ ಆಗಬೇಕು, ಲಾರಿ ರಸ್ತೆಯಲ್ಲೇ ನಿಂತಿದೆ. ಕುರ್ಚಿಯಲ್ಲಿ ಕೂರಿಸಿ ಎಡಗಣ್ಣು ಮುಚ್ಚಿ ಎಂದ. ಡ್ರೈವರ್ ಕಣ್ಣು ಪೂರ್ತಿ ಮುಚ್ಚುವ ಮೊದಲೇ ಎದುರಿನ ಅಕ್ಷರದ ಚಾರ್ಟನ್ನು ಮೇಲಿಂದ ಕೆಳಗಿನ ಸಾಲಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಬಲಗಣ್ಣು ಮುಚ್ಚಿಸಿದರೂ ಅದೇ ಧಾಟಿ, ಅದೇ ವೇಗ. ಇಂಥವರು ವರ್ಷಕ್ಕೆ ಹಲವರು ಬರುತ್ತಾರೆ. ಮೊದಲು ಬಂದು ಹೋದವನು ಚಾರ್ಟಿನ ಫೋಟೋ ಹೊಡೆದುಕೊಂಡು ಹೋಗಿ ಉಳಿದವರಿಗೆಲ್ಲ ಬಾಯಿಪಾಠ ಮಾಡಿಸಿರುತ್ತಾನೆ. ಅವನು ಎದ್ದು ಹೋಗಿ ಚಾರ್ಟು ತಿರುಗಿಸಿ ಹಾಕಿದ. ಹಿಂದುಗಡೆ ಬೇರೆ ಅಕ್ಷರಗಳಿದ್ದವು. ಮನೆಯಲ್ಲಿ ಹೇಳಿ ನಗಿಸಲು ಅವನು ಕಾಯುತ್ತಿದ್ದುದೇ ಈ ಘಳಿಗೆಗೆ, ಆ ಮುಖಗಳು ಪೆಚ್ಚಾಗುವ ಘಳಿಗೆಗೆ.

ಡ್ರೈವರ್ ಎರಡನೆಯ ಸಾಲಿನವರೆಗೆ ಓದಿ ನಿಂತ. ಹಣೆಯ ಮೇಲೆ ಬೆವರು ಮೂಡಿತು. ಮುಂದಕ್ಕೆ ಬಾಗಿದ, ಹಿಂದಕ್ಕೆ ಒರಗಿದ. "ಆ ಕಡೆಯದೇ ಹಾಕಿ ಸಾರ್," ಎಂದ. "ಅದು ಚೆನ್ನಾಗಿ ಕಾಣ್ತಿತ್ತು."

"ಎಷ್ಟು ದಿನದಿಂದ ಕಾಣ್ತಿಲ್ಲ?"

"ಕಾಣುತ್ತೆ ಸಾರ್. ಗೊತ್ತಿರೋ ರಸ್ತೆ ಆದ್ರೆ ಎಲ್ಲ ಕಾಣುತ್ತೆ."

ನಗು ಬರಲಿಲ್ಲ. ಯಾರೋ ತನ್ನ ಜೇಬಿಗೆ ಕೈ ಹಾಕಿದಂತೆ ಬೆಚ್ಚಿಬಿದ್ದು, ಅದನ್ನು ಮುಚ್ಚಿಕೊಳ್ಳಲು ಲೆನ್ಸುಗಳ ಪೆಟ್ಟಿಗೆ ತೆರೆದ. ಒಂದೊಂದೇ ಲೆನ್ಸು ಹಾಕುತ್ತ, ಈಗ ಹೇಗೆ, ಈಗ ಹೇಗೆ ಎಂದು ಕೇಳುತ್ತ ಹೋದ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಪರೀಕ್ಷೆಯ ಆ ದಪ್ಪ ಚೌಕಟ್ಟನ್ನು ಮೂಗಿನ ಮೇಲೆ ಹೊತ್ತುಕೊಂಡೇ ಡ್ರೈವರ್ ಬಾಗಿಲಿಗೆ ಹೋಗಿ ರಸ್ತೆ ನೋಡಿದ. ಬಹಳ ಹೊತ್ತು ನಿಂತ. "ಇಷ್ಟೊಂದು ಇದೆಯಾ ಅಲ್ಲಿ," ಎಂದ ದನಿಯಲ್ಲಿ ಖುಷಿಗಿಂತ ಸಿಟ್ಟೇ ಹೆಚ್ಚಿತ್ತು. ಇಷ್ಟು ದಿನ ತಾನು ಯಾರ ಯಾರ ಪಕ್ಕದಲ್ಲಿ ಲಾರಿ ಓಡಿಸಿಕೊಂಡು ಹೋದೆ ಎಂದು ಲೆಕ್ಕ ಹಾಕುತ್ತಿದ್ದನೋ ಏನೋ. ಕೂತು ಕನ್ನಡಕಕ್ಕೆ ಅಳತೆ ಕೊಟ್ಟು, ತಲೆ ಎತ್ತದೆ ಹೊರಟುಹೋದ.

ಆಗಲೇ ಭಾವಮೈದನ ಫೋನು. ಹೆಂಡತಿಯ ತಮ್ಮ, ಟೈಲ್ಸ್ ಅಂಗಡಿಯವನು, ಮಾತಾಡಿದರೆ ಪಕ್ಕದ ಬೀದಿಗೂ ಕೇಳಬೇಕು. "ಭಾವ, ವ್ಯಾನಿಗೆ ಡೀಸೆಲ್ ಹಾಕ್ಸಿದೀನಿ. ಹುಡುಗರು ತುದಿಗಾಲಲ್ಲಿ ನಿಂತಿದಾರೆ. ನೀವು ಬಂದು ನೀರು ನೋಡಿ ಎಲ್ಲಿ ಇಳೀಬೇಕು ಅಂತ ಬೆರಳು ತೋರಿಸಿದ್ರೆ ಸಾಕು, ಉಳಿದಿದ್ದು ನಾವು ನೋಡ್ಕೋತೀವಿ."

"ಅಲ್ಲಿ ಕಲ್ಲಿದೆ ಅಂತಾರಪ್ಪ," ಎಂದುಬಿಟ್ಟ. ಎಲ್ಲಿಂದ ಬಂತು ಈ ಕಲ್ಲು? ಯಾರೂ ಅವನಿಗೆ ಹೇಳಿರಲಿಲ್ಲ.

"ಹೌದಾ? ಯಾರಂದ್ರು?"

"ಅಂತಾರೆ."

"ಹಂಗಾದ್ರೆ ಬಿಟ್ಟಾಕೋಣ ಭಾವ. ನೀವು ಹೇಳಿದ್ಮೇಲೆ ಮುಗೀತು."

ಒಂದು ಮಾತಿಗೂ ವಾದ ಮಾಡಲಿಲ್ಲ, ಎರಡನೆಯ ಪ್ರಶ್ನೆ ಕೇಳಲಿಲ್ಲ. ಬಾಯಿಬಡಕನೆಂದು ತಾನು ಮೂಗು ಮುರಿಯುತ್ತಿದ್ದ ಈ ಮನುಷ್ಯ ತನ್ನನ್ನು ಇಷ್ಟು ನಂಬಿದ್ದಾನೆ ಎಂಬುದು ಅವನಿಗೆ ಸಹಿಸಲಾಗಲಿಲ್ಲ. "ಪೂರ್ತಿ ಬಿಡೋದು ಬೇಡ, ಸಂಜೆ ಹೇಳ್ತೀನಿ" ಎಂದು ಫೋನಿಟ್ಟ. ಗೋಡೆಯ ಮೇಲೆ ಚಾರ್ಟು ಇನ್ನೂ ತಿರುವುಮುರುವಾಗಿಯೇ ಇತ್ತು, ಅದನ್ನು ಸರಿಮಾಡಲು ಹೋಗಲಿಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಮಗಳು ನೆಲದ ಮೇಲೆ ಹಳೆಯ ಪೇಪರು ಹಾಸಿ, ಬೋರ್ಡು ಮಲಗಿಸಿಕೊಂಡು, ಕಾಲು ಜಾರದಿರಲೆಂದು ಅದರ ಬೆನ್ನಿಗೆ ಮೇಣ ಉಜ್ಜುತ್ತಿದ್ದಳು. ಮಡಚಿದ ಮೊಣಕಾಲಿನ ಮೇಲೆ ಆ ಗೀರುಗಳು ಬಿಗಿದುಕೊಂಡು ಕಾಣುತ್ತಿದ್ದವು. ಕಾಲೇಜಿನ ಮೆಟ್ಟಿಲಲ್ಲಿ ಬಿದ್ದೆ ಎಂದಿದ್ದಳು. ಗಾಯ ತೊಳೆದು ಔಷಧಿ ಹಚ್ಚಿದವನು ಅವನೇ. ಫ್ರೇಮಿನ ಸಣ್ಣ ಸ್ಕ್ರೂ ಹಿಡಿಯುವ ಚಿಮುಟದಿಂದ ಗಾಯದೊಳಗಿನ ಒಂದು ಬಿಳಿ ಚೂರು ತೆಗೆದಿದ್ದ, ಉಗುರಿನ ಅಂಚಿನಷ್ಟು ತೆಳ್ಳಗಿನದು, ಸುಣ್ಣದಂಥದು. ನೀರಲ್ಲಿ ಮುಳುಗಿದ ಬಂಡೆಗೆ ಅಂಟಿಕೊಂಡಿರುವ ಚಿಪ್ಪಿನ ಚೂರು ಹಾಗಿರುತ್ತದೆ. ಅವನ ಕಡಲದಡದಲ್ಲಿ ಬಂಡೆಯೇ ಇಲ್ಲ. ಮೆಟ್ಟಿಲಿನ ಸುಣ್ಣ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಚೂರನ್ನು ಸಿಂಕಿನಲ್ಲಿ ತೊಳೆದುಬಿಟ್ಟಿದ್ದ. ಕೇಳಿದರೆ ಅವಳು ನಿಜ ಹೇಳಿಯಾಳೆಂದು ಹೆದರಿದ್ದ.

"ಕಲ್ಲಿದೆ ಅಂದ್ಯಂತೆ," ಎಂದಳು ಮಗಳು, ಮೇಣದಿಂದ ತಲೆ ಎತ್ತದೆ. "ಮಾವ ಫೋನ್ ಮಾಡಿದ್ದ."

"ಹೂಂ."

"ಯಾವ ಕಡೆ?"

ಇಸ್ತ್ರಿಪೆಟ್ಟಿಗೆ ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. "ಎಲ್ಲೋ ಒಂದು ಕಡೆ," ಎಂದ. "ಸಮುದ್ರ ಅಂದ್ಮೇಲೆ ಇರಲ್ವೇನೆ?"

"ಇರುತ್ತೆ," ಎಂದಳು ಮಗಳು. ಮೇಣದ ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು, ಪೇಪರು ಮಡಚಿದಳು, ಬೋರ್ಡನ್ನು ಎತ್ತಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒರಗಿಸಿದಳು. "ಸರಿ ಬಿಡು." ಮುನಿಸಿಲ್ಲ, ಬಾಗಿಲು ಬಡಿಯುವುದಿಲ್ಲ. ಜಗಳವಾಡಿದ್ದರೆ ಅವನು ಗದರಬಹುದಿತ್ತು, ಗದರಿ ಗೆಲ್ಲಬಹುದಿತ್ತು. ಮುದುಕರ ಹಟಕ್ಕೆ ಸೊಪ್ಪು ಹಾಕುವವರ ತಾಳ್ಮೆ ಅವಳ ಬೆನ್ನಿನಲ್ಲಿತ್ತು. ಅದನ್ನು ನೋಡಿ ಅವನಿಗೆ ಕೆನ್ನೆ ಬಿಸಿಯಾಯಿತು. "ನೋಡಿ, ನೀವು ಬೇಡ ಅಂದಿದ್ದೇ ಒಳ್ಳೇದಾಯ್ತು, ನಂಗೆ ನೀವಿದ್ರೇನೇ ಧೈರ್ಯ" ಎಂದು ಹೆಂಡತಿ ಮತ್ತೆ ಅಂಗಿಯ ತೋಳು ಒತ್ತತೊಡಗಿದಳು. ಈ ಇಬ್ಬರು ಹೆಂಗಸರ ನಡುವೆ, ಒಬ್ಬಳ ನಂಬಿಕೆ, ಇನ್ನೊಬ್ಬಳ ಕನಿಕರ, ಎರಡರಿಂದಲೂ ತಪ್ಪಿಸಿಕೊಳ್ಳಲು ಅವನಿಗೆ ಒಂದೇ ದಾರಿ ಕಂಡಿತು. "ಬೇಡ ಅಂತ ಯಾರಂದ್ರು," ಎಂದ, ದೊಡ್ಡ ಮನಸ್ಸು ಮಾಡಿದವನ ಗತ್ತಿನಲ್ಲಿ. "ಹೋಗೋಣ. ಹೋಗಿ ನೋಡಿದ್ರೆ ತಾನೇ ಗೊತ್ತಾಗೋದು."

ಮರುದಿನ ವ್ಯಾನು ಗುಡ್ಡ ಹತ್ತಿ ಇಳಿಯುವವರೆಗೆ ಭಾವಮೈದ ಬಾಯಿ ಮುಚ್ಚಲಿಲ್ಲ. ಪಕ್ಕದಲ್ಲಿ ಕೂತ ಅವನಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕೊನೆಯ ತಿರುವಿನಲ್ಲಿ ಸಮುದ್ರ ಕಂಡಾಗ ಹುಡುಗರು ಹೋ ಎಂದರು. ಅವನು ಕಿಟಕಿಗೆ ಮುಖ ಹಚ್ಚಿ ನೋಡಿದ. ಎಷ್ಟು ಉದ್ದ, ಎಷ್ಟು ಖಾಲಿ. ಮರಳಿನ ದಿಬ್ಬಗಳು, ಅವುಗಳ ಮೇಲೆ ಕುರುಚಲು, ಮತ್ತೆ ದಿಬ್ಬಗಳು. ಅಲೆಗಳು ಅಲ್ಲೊಂದು ಇಲ್ಲೊಂದು ಎದ್ದು, ಯಾವುದೋ ತಮ್ಮದೇ ಕಾರಣಕ್ಕೆ ಒಡೆಯುತ್ತಿದ್ದವು. ಹುಡುಗರು ಬೋರ್ಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಲಾಗಿ ನಿಂತರು. ಯಾರೂ ಇಳಿಯಲಿಲ್ಲ. ಅವನಿಗಾಗಿ ಕಾಯುತ್ತಿದ್ದರು. ಮಗಳೂ ನಿಂತಿದ್ದಳು, ಸ್ವಲ್ಪ ದೂರ, ಗಾಳಿಗೆ ಕೂದಲು ಕಟ್ಟಿಕೊಳ್ಳುತ್ತ.

ಅವನು ಸೊಂಟದವರೆಗೆ ನೀರಿಗಿಳಿದು, ಅಭ್ಯಾಸದಂತೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತ. "ನೋಡ್ರೋ, ಭಾವ ಶುರು ಮಾಡಿದ್ರು," ಎಂದ ಭಾವಮೈದ, ಸದ್ದಡಗಿಸಿದ ದನಿಯಲ್ಲಿ. ದಿಬ್ಬಗಳ ಮೇಲೆ ಅವನ ಕಣ್ಣು ಹುಡುಕಿತು, ಹಸಿದವನು ಅಡಿಗೆಮನೆಯಲ್ಲಿ ಡಬ್ಬಿಗಳನ್ನು ತೆರೆದು ನೋಡುವ ಹಾಗೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ದೂರದಲ್ಲಿ ಒಂದು ಮೊಬೈಲ್ ಟವರು. ಅದರ ಮುಂದೆ, ದಿಬ್ಬದ ನೆತ್ತಿಯಲ್ಲಿ, ಯಾರೋ ಕಟ್ಟಿ ಬಿಟ್ಟುಹೋದ ಗೋಡೆಯೊಂದರ ತುಂಡು. ಮೈ ತನ್ನಷ್ಟಕ್ಕೆ ಎಡಕ್ಕೆ ಸರಿಯಿತು, ಇನ್ನೂ ಎಡಕ್ಕೆ, ಟವರು ಗೋಡೆಯ ಹಿಂದೆ ಇಷ್ಟಿಷ್ಟೇ ಅಡಗಿತು, ಪೂರ್ತಿ ಅಡಗಿತು. ಎದೆ ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಅದರ ಸುಖದಲ್ಲಿ ಅವನಿಗೆ ಬೇರೇನೂ ಹೊಳೆಯಲಿಲ್ಲ. ತಿರುಗಿ, ತೋಳು ಪೂರ್ತಿ ಚಾಚಿ, ತನ್ನ ಮುಂದಿನ ನೀರಿನ ಕಡೆ ಬೆರಳು ತೋರಿಸಿ "ಅಲ್ಲಿ" ಎಂದ.

ಮಗಳು ಅವನ ಬೆರಳನ್ನು ನೋಡಿದಳು, ನೀರನ್ನು ನೋಡಿದಳು. ಅವಳ ಕೈ ಮೊಣಕಾಲಿನ ಮೇಲೆ ಹೋಗಿ ಕೂತಿತು.

"ಅಲ್ಲೇನಾ ಅಪ್ಪ?"

"ಅಲ್ಲೇ."

ಅವಳು ಮಾವನನ್ನೊಮ್ಮೆ, ಹುಡುಗರನ್ನೊಮ್ಮೆ ನೋಡಿ, ಬೋರ್ಡನ್ನು ನೀರಿಗೆ ಹಾಕಿ ಅದರ ಮೇಲೆ ಮಲಗಿದಳು. ಕೈ ಹಾಕಿದಳು. ಅವನ ಪಕ್ಕದಲ್ಲೇ ಹಾದುಹೋದಳು, ಅವನು ತೋರಿಸಿದ ಕಡೆಗೆ, ನೆಟ್ಟಗೆ. ಹುಡುಗರು ಅವಳ ಹಿಂದೆ ಹೊರಡಲು ಅಣಿಯಾದರು. ಅವನು ಇನ್ನೂ ಆ ಹಗುರದಲ್ಲೇ ಇದ್ದ. ಆ ಹಗುರದ ನಡುವೆ ಒಂದು ಬಿಳಿ ಚೂರು, ಚಿಮುಟದ ತುದಿಯಲ್ಲಿ, ಉಗುರಿನ ಅಂಚಿನಷ್ಟು ತೆಳ್ಳಗೆ. ಅವಳು ಇಲ್ಲಿಗೆ ಬಂದಿದ್ದಳು. ಇಲ್ಲೇ ಬಿದ್ದಿದ್ದಳು. ಹಾಗಿದ್ದರೆ ಅಲ್ಲಿ ಬಂಡೆಯಿರುವುದು ಅವಳಿಗೆ ಗೊತ್ತಿದೆ. ಗೊತ್ತಿದ್ದೂ ಹೋಗುತ್ತಿದ್ದಾಳೆ. ಬಾಯಿ ಬಿಟ್ಟರೆ ಅಮ್ಮನಿಗೆ ಸುದ್ದಿ ಮುಟ್ಟೀತೆಂದೋ, ಇಷ್ಟು ಜನರ ಮುಂದೆ ಅಪ್ಪನ ಬೆರಳು ಸುಳ್ಳಾಗದಿರಲಿ ಎಂದೋ, ಅಥವಾ ನೋಡೋಣ ಇವನು ಎಲ್ಲಿಯವರೆಗೆ ನನ್ನನ್ನು ಕಳಿಸುತ್ತಾನೆ ಎಂದೋ. ಅವಳ ಮುಂದೆ ಒಂದು ಅಲೆ ಹಿಂದಕ್ಕೆ ನೀರೆಳೆದುಕೊಂಡು ಎದ್ದಿತು, ಎಳೆದ ಜಾಗದಲ್ಲಿ ಒಂದು ಕಪ್ಪು ಬೆನ್ನು ಹೊಳೆದು ಮತ್ತೆ ಮುಚ್ಚಿಹೋಯಿತು.

ಈಗ ಕೂಗಬೇಕು. ಕೂಗಿದರೆ ಎಲ್ಲ ಮುಗಿಯಿತು ಎಂಬುದೂ ಅದೇ ಉಸಿರಿನಲ್ಲಿ ಹೊಳೆಯಿತು, ಹೊಳೆದದ್ದಕ್ಕೆ ಆಮೇಲೆ ಎಷ್ಟು ದಿನ ತನ್ನನ್ನು ಶಪಿಸಿಕೊಂಡನೋ. ಆ ಒಂದು ಉಸಿರಿನಷ್ಟು ಹೊತ್ತು ಅವನು ಸುಮ್ಮನಿದ್ದ. ಅಷ್ಟರಲ್ಲಿ ಅವಳು ಇನ್ನೂ ಎರಡು ಕೈ ಮುಂದೆ ಹೋಗಿದ್ದಳು.

"ನಿಲ್ಲು," ಎಂದು ಕೂಗಿದ. ಗಂಟಲು ಒಡೆದು ಬೇರೆ ಯಾರದೋ ದನಿ ಬಂತು. "ಅಲ್ಲಿ ಬೇಡ. ನಂಗೆ ಗೊತ್ತಿಲ್ಲ."

"ಏನ್ ಭಾವ?" ಹಿಂದಿನಿಂದ ಭಾವಮೈದ.

"ಗೊತ್ತಿಲ್ಲ ಅಂದೆ. ಈ ನೀರು ನಂಗೆ ಗೊತ್ತಿಲ್ಲ. ಸುಮ್ನೆ ಬೆರಳು ತೋರಿಸ್ದೆ."

 ಹಿಂದೆ ಹುಡುಗರಲ್ಲೊಬ್ಬ ಕಿಸಕ್ಕೆಂದ, ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ. ಎರಡೂ ಅವನಿಗೆ ಕೇಳಿಸಿತು. ಮುಂದೆ ಮಗಳು ಬೋರ್ಡಿನ ಮೇಲೆ ಎದ್ದು ಕೂತು, ಒಂದು ಕೈಯಿಂದ ನೀರು ತಳ್ಳಿ ಬೋರ್ಡಿನ ಮೂತಿ ತಿರುಗಿಸಿದಳು. ಮುಂದಿನ ಅಲೆ ಅವಳನ್ನು ಎತ್ತಿ ಇಳಿಸಿತು, ಇಳಿದದ್ದು ಬಂಡೆಯಿಂದ ಈಚೆಗೆ. ಅವಳು ದಡಕ್ಕೆ ಬರಲಿಲ್ಲ. ಓರೆಯಾಗಿ ಬಲಕ್ಕೆ, ಅವನಿರುವಲ್ಲಿಗೆ ಬಂದು ನಿಂತಳು. ಅವಳ ತುಟಿ ನೀಲಿಗಟ್ಟಿತ್ತು.

"ಏನೋ ಕೂಗಿದ್ಯಲ್ಲ," ಎಂದಳು. "ಸರಿಯಾಗಿ ಕೇಳಿಸ್ಲಿಲ್ಲ."

ಮೊದಲ ಮಾತಿಗೇ ಅವಳು ತಿರುಗಿದ್ದನ್ನು ಅವನು ನೋಡಿದ್ದ. ಅವಳಿಗೆ ಮತ್ತೊಮ್ಮೆ ಬೇಕಾಗಿತ್ತು, ಗಾಳಿಯ ಮೇಲೆ ಎಲ್ಲರಿಗೂ ಕೂಗಿದ್ದಲ್ಲ, ಎದುರೆದುರು ನಿಂತು ಅವಳಿಗೊಬ್ಬಳಿಗೆ. 

"ನಂಗೆ ಗೊತ್ತಾಗ್ತಿಲ್ಲ ಕಣಮ್ಮ," ಎಂದ. "ಎಲ್ಲಿ ಕೂತ್ಕೋಬೇಕು?"

ಅವಳು ಅಲೆಗಳು ಬರುವುದನ್ನು ನೋಡಿದಳು. ಅವನು ಕಾಯುತ್ತ, ತಿಳಿಯದೆಯೇ, ಕತ್ತನ್ನು ದಡದ ಕಡೆಗೆ ತಿರುಗಿಸತೊಡಗಿದ್ದ.

"ಹಿಂದೆ ನೋಡ್ಬೇಡ ಅಪ್ಪ," ಎಂದಳು. "ಇಲ್ಲಿ ಚಿಮಣಿ ಇಲ್ಲ."

ಎಂದಿನಿಂದ ಗೊತ್ತಿತ್ತು ಎಂದು ಅವನು ಕೇಳಲಿಲ್ಲ. ಅವಳು ಆಗಲೇ ಹೊರಟಿದ್ದಳು, ಬಲಕ್ಕೆ, ಆಳದ ಕಡೆಗೆ. ಭಾವಮೈದ ದಡದಿಂದ ಅವನ ಬೋರ್ಡನ್ನು ನೀರಿಗೆ ನೂಕಿದ್ದ, ಅದು ಬಂದು ಅವನ ಸೊಂಟಕ್ಕೆ ತಾಗಿತು. ಅದರ ಮೇಲೆ ಮಲಗಿ, ಮಗಳ ಒದ್ದೆ ಹಿಮ್ಮಡಿಗಳನ್ನೇ ನೋಡುತ್ತ ಕೈ ಹಾಕಿದ. ಕತ್ತು ಹಿಂದಕ್ಕೆ ಎಳೆಯುತ್ತಲೇ ಇತ್ತು. ಅವನು ತಿರುಗಲಿಲ್ಲ.